ನಡುಗುವ ಕೈ, ಮಿದುಳಿನ ಉರಿಯೂತ ಮತ್ತು ನಮ್ಮ ಸಿಂಪರಣೆ

ಹಸುವಿನ ಕೆಚ್ಚಲು ಬಾವನ್ನು ಕಾಣದವರು ನಿಮ್ಮಲ್ಲಿ ಯಾರೂ ಇರಲಾರರು. ಕೆಚ್ಚಲು ಕೆಂಪೇರಿ ಊದಿಕೊಳ್ಳುತ್ತದೆ, ಮುಟ್ಟಿದರೆ ಬಿಸಿ, ಹಸು ಕೈ ಇಡಗೊಡುವುದಿಲ್ಲ. ಇದೇ ಉರಿಯೂತ. ಉರಿಯೂ ಊತವೂ ಕೂಡಿದ ಈ ಕನ್ನಡ ಮಾತು ವಿಷಯವನ್ನು ಚೆನ್ನಾಗಿಯೇ ಹೇಳುತ್ತದೆ. ರೋಗಾಣು ಒಳಹೊಕ್ಕಾಗ ದೇಹವು ತನ್ನ ರಕ್ಷಣೆಗಾಗಿ ಬಿಳಿ ರಕ್ತಕಣಗಳನ್ನು ಆ ಜಾಗಕ್ಕೆ ನುಗ್ಗಿಸುತ್ತದೆ. ಎಂದರೆ ಉರಿಯೂತವು ಸ್ವತಃ ರೋಗವಲ್ಲ, ರೋಗದೊಡನೆ ನಡೆಯುವ ಹೋರಾಟ.

ಪಶುವೈದ್ಯರು ಇನ್ನೊಂದು ಬಗೆಯ ಕೆಚ್ಚಲು ಬಾವನ್ನೂ ಹೇಳುತ್ತಾರೆ. ಅದು ಗುಪ್ತವಾದುದು. ಕೆಚ್ಚಲಿನಲ್ಲಿ ಊತವಿಲ್ಲ, ಹಾಲಿನ ಬಣ್ಣ ಕೆಟ್ಟಿಲ್ಲ, ಹಸು ಒದೆಯುವುದಿಲ್ಲ. ಆದರೆ ಹಾಲು ಮಾತ್ರ ಇಳಿಯುತ್ತಾ ಹೋಗುತ್ತದೆ. ಒಳಗಿನ ಹಾಲು ತಯಾರಿಸುವ ಅಂಗಾಂಶ ನಿಧಾನವಾಗಿ ನಾಶವಾಗಿರುತ್ತದೆ. ಅದನ್ನು ನಾಶಮಾಡುವುದರಲ್ಲಿ ರೋಗಾಣುವಿನ ಪಾಲು ಎಷ್ಟಿದೆಯೋ, ಹೋರಾಡಲು ಬಂದ ಕಣಗಳ ಪಾಲೂ ಅಷ್ಟೇ ಇರುತ್ತದೆ. ಮನುಷ್ಯರ ಮಿದುಳಿನಲ್ಲಿಯೂ ಇಂತಹುದೇ ಗುಪ್ತ ಉರಿಯೂತ ನಡೆಯಬಲ್ಲದೆಂದೂ, ಅದಕ್ಕೂ ನಾವು ಹೊಲದಲ್ಲಿ ಸಿಂಪಡಿಸುವ ಕೆಲವು ವಿಷಗಳಿಗೂ ನಂಟಿರಬಹುದೆಂದೂ ಕಳೆದ ನಾಲ್ಕು ದಶಕಗಳ ಸಂಶೋಧನೆ ಹೇಳುತ್ತಿದೆ. ಇದು ವೈದ್ಯರ ವಿಷಯ, ಬೇಸಾಯದ ಪತ್ರಿಕೆಗೇಕೆ ಎಂದು ನೀವು ಕೇಳಬಹುದು. ಪೂರ್ತಿ ಓದಿದ ಮೇಲೆ ಕೇಳಿರಿ.

ಪಾರ್ಕಿನ್ಸನ್ ರೋಗವನ್ನು ಮೊದಲು ಸರಿಯಾಗಿ ವರ್ಣಿಸಿದವನು ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್, 1817ರಲ್ಲಿ. ಆಯುರ್ವೇದವು ಇಂತಹ ನಡುಕವನ್ನು ಕಂಪವಾತವೆಂದು ಕರೆದಿದೆ. ಸುಮ್ಮನೆ ಕುಳಿತಾಗ ಕೈ ನಡುಗುವುದು, ಅಂಗಾಂಗಗಳು ಬಿಗಿಯಾಗುವುದು, ಎಲ್ಲ ಚಲನೆಯೂ ನಿಧಾನವಾಗುವುದು ಇದರ ಮುಖ್ಯ ಲಕ್ಷಣಗಳು. ನಡುಮಿದುಳಿನಲ್ಲಿ ಕಪ್ಪಾಗಿ ಕಾಣುವ ಒಂದು ಸಣ್ಣ ಭಾಗವಿದೆ. ಅಲ್ಲಿಯ ನರಕೋಶಗಳು ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ಚಲನೆ ಸರಾಗವಾಗಿ ನಡೆಯಲು ಇದು ಬೇಕೇ ಬೇಕು. ಈ ಕೋಶಗಳು ಸಾಯುತ್ತಾ ಬಂದಂತೆ ರೋಗ ತಲೆದೋರುತ್ತದೆ. ಬಹುಪಾಲು ಕೋಶಗಳು ಹಾಳಾಗುವವರೆಗೆ ಹೊರಗೆ ಏನೂ ಕಾಣುವುದಿಲ್ಲ. ಕೈ ನಡುಗುವ ವೇಳೆಗೆ ಒಳಗಿನ ಬೆಳೆ ಅರ್ಧ ಒಣಗಿ ಹೋಗಿರುತ್ತದೆ.

ಈ ಕೋಶಗಳನ್ನು ಕೊಲ್ಲುವವರು ಯಾರು? ಬಹುಕಾಲ ವೈದ್ಯರು ನರಕೋಶಗಳನ್ನೇ ನೋಡುತ್ತಿದ್ದರು, ಸುತ್ತಲಿನ ಕಾವಲುಗಾರರನ್ನು ನೋಡಲಿಲ್ಲ. ಮಿದುಳಿಗೆ ತನ್ನದೇ ಆದ ಕಾವಲು ಪಡೆಯಿದೆ. ಮೈಕ್ರೋಗ್ಲಿಯಾ ಎಂಬ ಈ ಪುಟ್ಟ ಕೋಶಗಳನ್ನು ಸ್ಪೇನ್ ದೇಶದ ರಿಯೋ ಒರ್ತೇಗಾ 1919ರಲ್ಲಿ ಗುರುತಿಸಿದನು. ಇವು ಸದಾಕಾಲವೂ ತಮ್ಮ ಎಳೆಗಳನ್ನು ಚಾಚಿ ಸುತ್ತಲೂ ತಡವಿ ನೋಡುತ್ತಿರುತ್ತವೆ. ಸತ್ತ ಕೋಶಗಳ ಕಸ ಗುಡಿಸುವುದೂ, ಒಳಹೊಕ್ಕ ರೋಗಾಣುವನ್ನು ನುಂಗುವುದೂ ಇವುಗಳ ಕೆಲಸ. ಅಪಾಯ ಕಂಡೊಡನೆ ಇವು ರೂಪ ಬದಲಿಸಿ ಉಬ್ಬಿಕೊಂಡು, ಊರಿನ ತಳವಾರ ಡಂಗುರ ಹೊಡೆಯುವಂತೆ, ಸೈಟೊಕೈನ್‌ಗಳೆಂಬ ಸಂದೇಶ ವಸ್ತುಗಳನ್ನು ಹೊರಚೆಲ್ಲುತ್ತವೆ. ಇದನ್ನು ಕೇಳಿದ ಇತರ ಕೋಶಗಳೂ ಎದ್ದು ನಿಲ್ಲುತ್ತವೆ. ಜೊತೆಗೆ ಶತ್ರುವನ್ನು ಸುಡಲೆಂದು ಉಗ್ರವಾದ ಆಮ್ಲಜನಕದ ಕಣಗಳನ್ನೂ ಇವು ಬಿಡುತ್ತವೆ. ಅಪಾಯ ಕಳೆದ ಮೇಲೆ ಶಾಂತವಾದರೆ ಎಲ್ಲವೂ ಸರಿ. ಶಾಂತವಾಗದೆ ಹೋದರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ.

1988ರಲ್ಲಿ ಕೆನಡಾ ದೇಶದ ವ್ಯಾಂಕೂವರ್‌ನಲ್ಲಿ ಪ್ಯಾಟ್ರಿಕ್ ಮೆಕ್‌ಗೀರ್ ಮತ್ತು ಸಂಗಡಿಗರು, ಈ ರೋಗದಿಂದ ನರಳಿ ತೀರಿಕೊಂಡವರ ಮಿದುಳನ್ನು ಪರೀಕ್ಷಿಸಿದಾಗ ಆ ಕಪ್ಪು ಭಾಗದಲ್ಲಿ ಕೆರಳಿದ ಮೈಕ್ರೋಗ್ಲಿಯಾಗಳು ತುಂಬಿದ್ದುದನ್ನು ಕಂಡರು. 1994ರಲ್ಲಿ ಜಪಾನಿನ ವಿಜ್ಞಾನಿಗಳು ಟಿ.ಎನ್.ಎಫ್. ಎಂಬ ಉರಿಯೂತದ ಸಂದೇಶ ವಸ್ತು ರೋಗಿಗಳ ಮಿದುಳಿನಲ್ಲಿ ಹೆಚ್ಚಾಗಿರುವುದನ್ನು ತೋರಿಸಿದರು. ಆದರೆ ಇದರಿಂದಲೇ ಕಾರಣ ಸಿಕ್ಕಿತೆಂದು ಹೇಳಲಾಗದು. ಮನೆಗೆ ಬೆಂಕಿ ಬಿದ್ದಲ್ಲಿ ಜನ ಸೇರಿರುತ್ತಾರೆ. ಜನರೇ ಬೆಂಕಿ ಹಚ್ಚಿದರೆಂದು ಅರ್ಥವಲ್ಲ.

ಈ ಗಂಟನ್ನು ಸ್ವಲ್ಪ ಸಡಿಲಿಸಿದ್ದು ಒಂದು ದುರ್ಘಟನೆ. 1982ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಾದಕ ವಸ್ತುವಿನ ಚಟವಿದ್ದ ಕೆಲವು ತರುಣರು ಕೆಲವೇ ದಿನಗಳಲ್ಲಿ ಮರದ ಕೊರಡಿನಂತೆ ಬಿಗಿದು ಹೋದರು. ಮುದುಕರ ರೋಗ ಹುಡುಗರಿಗೆ ಬಂದಿತ್ತು. ಕಳ್ಳತನದಲ್ಲಿ ತಯಾರಿಸಿದ ಆ ಮಾದಕ ವಸ್ತುವಿನಲ್ಲಿ ಎಂ.ಪಿ.ಟಿ.ಪಿ. ಎಂಬ ಕಲ್ಮಶ ಬೆರೆತಿದ್ದುದನ್ನು ವೈದ್ಯ ವಿಲಿಯಂ ಲ್ಯಾಂಗ್‌ಸ್ಟನ್ ಮತ್ತು ಸಂಗಡಿಗರು ಕಂಡುಹಿಡಿದರು. ರೈತರು ಗಮನಿಸಬೇಕಾದ ಅಂಶ ಇಲ್ಲಿದೆ. ಈ ಕಲ್ಮಶವು ಮಿದುಳನ್ನು ಸೇರಿ ಮಾರ್ಪಟ್ಟಾಗ ಆಗುವ ವಸ್ತುವನ್ನು ಹಿಂದೆ ಸೈಪರ್‌ಕ್ವಾಟ್ ಎಂಬ ಹೆಸರಿನಲ್ಲಿ ಕಳೆನಾಶಕವಾಗಿ ಪರೀಕ್ಷಿಸಲಾಗಿತ್ತು. ರಚನೆಯಲ್ಲಿ ಅದು ನಮಗೆಲ್ಲ ಪರಿಚಿತವಾದ ಪ್ಯಾರಾಕ್ವಾಟ್‌ನ ಹತ್ತಿರದ ಬಂಧು.

1999ರಲ್ಲಿ ಆ ವಿಷ ಸೇವಿಸಿ ಮುಂದೆ ತೀರಿಕೊಂಡ ಮೂವರ ಮಿದುಳನ್ನು ಪರೀಕ್ಷಿಸಿದ ವರದಿ ಬಂದಿತು. ವಿಷ ಸೇವಿಸಿ 3ರಿಂದ 16 ವರ್ಷಗಳಾಗಿದ್ದವು. ವಿಷ ದೇಹವನ್ನು ಎಂದೋ ಬಿಟ್ಟು ಹೋಗಿತ್ತು. ಆದರೂ ಮೈಕ್ರೋಗ್ಲಿಯಾಗಳು ಇನ್ನೂ ಕೆರಳಿಯೇ ಇದ್ದವು, ನರಕೋಶಗಳು ಇನ್ನೂ ಸಾಯುತ್ತಲೇ ಇದ್ದವು. ಬೂದಿ ಮುಚ್ಚಿದ ಕೆಂಡ! ಒಮ್ಮೆ ಹೊತ್ತಿದ ಉರಿಯೂತ ತನ್ನನ್ನು ತಾನೇ ಊದಿಕೊಂಡು ಉರಿಯಬಲ್ಲದು. ಸತ್ತ ನರಕೋಶದಿಂದ ಹೊರಬಿದ್ದ ಕಪ್ಪು ಬಣ್ಣದ ಕಣಗಳೂ, ಆಲ್ಫಾ ಸೈನ್ಯೂಕ್ಲಿನ್ ಎಂಬ ಗಂಟುಗಟ್ಟಿದ ಸಸಾರಜನಕವೂ ಕಾವಲು ಕೋಶಗಳನ್ನು ಮತ್ತೆ ಕೆರಳಿಸುತ್ತವೆ. ಕೆರಳಿದ ಕಾವಲು ಕೋಶಗಳು ಪಕ್ಕದ ನರಕೋಶವನ್ನು ಸುಡುತ್ತವೆ. ಈ ಗಾಣ ಹೀಗೆಯೇ ತಿರುಗುತ್ತದೆ.

ಇನ್ನು ಪ್ಯಾರಾಕ್ವಾಟ್ ವಿಷಯ. 2007ರಲ್ಲಿ ಪ್ರಕಟವಾದ ಇಲಿಗಳ ಮೇಲಿನ ಒಂದು ಪ್ರಯೋಗ ನನ್ನ ಮಟ್ಟಿಗೆ ಈ ಇಡೀ ಕಥೆಯ ತಿರುಳು. ಮೊದಲ ಸಲ ಪ್ಯಾರಾಕ್ವಾಟ್ ಚುಚ್ಚಿದಾಗ ಇಲಿಯ ನರಕೋಶಗಳು ಸಾಯಲಿಲ್ಲ. ಮೈಕ್ರೋಗ್ಲಿಯಾಗಳು ಮಾತ್ರ ಎಚ್ಚೆತ್ತು ನಿಂತವು. ಎರಡನೆಯ ಸಲ ಚುಚ್ಚಿದಾಗ ನರಕೋಶಗಳು ಸತ್ತವು. ಆದರೆ ಮೈಕ್ರೋಗ್ಲಿಯಾ ಎಚ್ಚರಗೊಳ್ಳದಂತೆ ಮೊದಲೇ ಔಷಧಿ ಕೊಟ್ಟ ಇಲಿಗಳಲ್ಲಿ ಎರಡನೆಯ ಸಲವೂ ಕೋಶಗಳು ಉಳಿದುಕೊಂಡವು. ಉಗ್ರ ಆಮ್ಲಜನಕವನ್ನು ತಯಾರಿಸುವ ಕಿಣ್ವವೇ ಕೆಲಸ ಮಾಡದ ಇಲಿಗಳಲ್ಲಿಯೂ ಹಾಗೆಯೇ ಆಯಿತು. ಎಂದರೆ ಮೊದಲ ವಿಷ ಮದ್ದು ತುಂಬುತ್ತದೆ, ಎರಡನೆಯದು ಕಿಡಿ ಹಚ್ಚುತ್ತದೆ. “ಇಷ್ಟು ವರ್ಷ ಹೊಡೆದಿದ್ದೇನೆ, ನನಗೇನೂ ಆಗಿಲ್ಲ” ಎಂದು ಎದೆ ತಟ್ಟಿ ಹೇಳುವ ಮಿತ್ರರು ಈ ಪ್ರಯೋಗವನ್ನು ಇನ್ನೊಮ್ಮೆ ಓದಿಕೊಳ್ಳಬೇಕು.

ಇಲಿಯ ಮಾತು ಬೇಡ, ಮನುಷ್ಯರದು ಹೇಳಿ ಎನ್ನುವಿರಾದರೆ ಅದೂ ಇದೆ. ಅಮೆರಿಕದ ಅಯೋವಾ ಮತ್ತು ಉತ್ತರ ಕ್ಯಾರೊಲಿನಾ ಪ್ರಾಂತಗಳ ಬೇಸಾಯಗಾರರಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 110 ಮಂದಿ ರೋಗಿಗಳನ್ನೂ ರೋಗವಿಲ್ಲದ 358 ಮಂದಿಯನ್ನೂ ಹೋಲಿಸಿ ನೋಡಲಾಯಿತು. ಪ್ಯಾರಾಕ್ವಾಟ್ ಬಳಸಿದವರಲ್ಲಿ ರೋಗದ ಸಂಭವ ಬಳಸದವರಿಗಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚು. ರೋಟೆನೋನ್ ಬಳಸಿದವರಲ್ಲಿಯೂ ಅಷ್ಟೇ. ರೋಟೆನೋನ್ ಎಂಬುದು ಡೆರಿಸ್ ಗಿಡದ ಬೇರಿನಿಂದ ಬರುವ ಕೀಟನಾಶಕ. ಗಿಡದಿಂದ ಬಂದದ್ದೆಲ್ಲ ನಿರಪಾಯವೆಂದು ನಂಬುವವರಿಗೆ ಇದನ್ನು ವಿಶೇಷವಾಗಿ ಹೇಳಬೇಕಾಗಿದೆ. ಆ ರೋಟೆನೋನ್ ಅನ್ನು ಬಹುದಿನ ಸ್ವಲ್ಪಸ್ವಲ್ಪವಾಗಿ ಕೊಟ್ಟಾಗ ಇಲಿಗಳಿಗೆ ಪಾರ್ಕಿನ್ಸನ್ ಲಕ್ಷಣಗಳೇ ಬಂದವೆಂದು 2000ದಲ್ಲಿಯೂ, ಅವುಗಳ ಮಿದುಳಿನಲ್ಲಿ ಮೈಕ್ರೋಗ್ಲಿಯಾ ಕೆರಳಿತ್ತೆಂದು 2003ರಲ್ಲಿಯೂ ವರದಿಗಳು ಬಂದಿವೆ.

ನ್ಯಾಯವಾಗಿ ಇನ್ನೊಂದು ಪಕ್ಷವನ್ನೂ ಹೇಳಬೇಕು. ಅದೇ ಪ್ರಾಂತಗಳ ಬೇಸಾಯಗಾರರನ್ನೂ ಅವರ ಮಡದಿಯರನ್ನೂ ಹೆಚ್ಚಿನ ಸಂಖ್ಯೆಯಲ್ಲಿ ಬಹುಕಾಲ ಗಮನಿಸಿ 2020ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಒಟ್ಟಾರೆಯಾಗಿ ಪ್ಯಾರಾಕ್ವಾಟ್‌ನಿಂದ ಸ್ಪಷ್ಟವಾದ ಏರಿಕೆ ಕಂಡುಬರಲಿಲ್ಲ. ಆದರೆ ಹಿಂದೆ ತಲೆಗೆ ಪೆಟ್ಟು ಬಿದ್ದವರಲ್ಲಿ ಏರಿಕೆ ಕಂಡುಬಂದಿತು. ತಲೆಗೆ ಬಿದ್ದ ಪೆಟ್ಟು ಕೂಡ ಮೈಕ್ರೋಗ್ಲಿಯಾವನ್ನು ಕೆರಳಿಸುತ್ತದೆಂಬುದನ್ನು ನೆನೆದರೆ, ಮೇಲೆ ಹೇಳಿದ ಇಲಿಗಳ ಕಥೆಗೂ ಇದಕ್ಕೂ ಹೊಂದಿಕೆ ಕಾಣುತ್ತದೆ. ನಮ್ಮಲ್ಲಿ ಅಡಿಕೆ, ತೆಂಗಿನ ಮರದಿಂದ ಬಿದ್ದವರು, ಬೈಕಿನಿಂದ ಬಿದ್ದವರು ಎಷ್ಟು ಮಂದಿಯಿಲ್ಲ! ಅವರೇ ಮಾರನೆಯ ತಿಂಗಳು ಪಂಪು ಬೆನ್ನಿಗೇರಿಸುವುದೂ ಉಂಟು. ಅಂತಹವರನ್ನು ಈ ಕೆಲಸದಿಂದ ದೂರ ಇಡುವುದೇ ಲೇಸು.

ನಮ್ಮ ನಾಡಿನ ಲೆಕ್ಕವೇನು? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಬೆಂಗಳೂರು ನಗರ ಹಾಗೂ ಸುತ್ತಲಿನ ಹಳ್ಳಿಗಳ 1,02,557 ಜನರನ್ನು ಮನೆಮನೆಗೆ ಹೋಗಿ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ನರರೋಗಗಳೆಲ್ಲ ಸೇರಿ ಹಳ್ಳಿಗಳಲ್ಲಿ ನಗರದ ಸುಮಾರು ಎರಡರಷ್ಟಿದ್ದವು. ಇದರಲ್ಲಿ ತಲೆನೋವು, ಮೂರ್ಛೆರೋಗಗಳೂ ಸೇರಿವೆ. ಆದುದರಿಂದ ಎಲ್ಲವನ್ನೂ ಸಿಂಪರಣೆಯ ತಲೆಗೆ ಕಟ್ಟುವುದು ಸಲ್ಲದು. ಆದರೆ ಹಳ್ಳಿಯ ಗಾಳಿಯೇ ಔಷಧಿ ಎಂಬ ನಮ್ಮ ಹೆಮ್ಮೆಯನ್ನು ಇದು ಸ್ವಲ್ಪ ತಗ್ಗಿಸಬೇಕು.

ಉರಿಯೂತ ಮಿದುಳಿನಲ್ಲಿಯೇ ಆರಂಭವಾಗಬೇಕೆಂದಿಲ್ಲ. ಅನೇಕ ರೋಗಿಗಳಿಗೆ ಕೈ ನಡುಗುವ ಎಷ್ಟೋ ವರ್ಷ ಮೊದಲೇ ಮಲಬದ್ಧತೆ ಇರುತ್ತದೆ. ಕರುಳಿನ ದೀರ್ಘಕಾಲದ ಉರಿಯೂತವಿರುವವರಲ್ಲಿ ಪಾರ್ಕಿನ್ಸನ್ ರೋಗ ಇತರರಿಗಿಂತ ಶೇಕಡ 28ರಷ್ಟು ಹೆಚ್ಚೆಂದು ಅಮೆರಿಕದ ವಿಮಾ ದಾಖಲೆಗಳಿಂದ 2018ರಲ್ಲಿ ತಿಳಿದುಬಂದಿತು. ಅವರಲ್ಲಿ ಟಿ.ಎನ್.ಎಫ್. ಸಂದೇಶವನ್ನು ತಡೆಯುವ ಔಷಧಿ ಪಡೆದವರಿಗೆ, ಪಡೆಯದವರಿಗಿಂತ ರೋಗ ಬಹಳ ಕಡಿಮೆಯಿತ್ತು. ಅದರ ಹಿಂದಿನ ವರ್ಷ, 2017ರಲ್ಲಿ, ರೋಗಿಗಳ ರಕ್ತದಲ್ಲಿರುವ ಟಿ ಕೋಶಗಳೆಂಬ ರಕ್ಷಣಾ ಕಣಗಳು ತಮ್ಮದೇ ದೇಹದ ಆಲ್ಫಾ ಸೈನ್ಯೂಕ್ಲಿನ್ನನ್ನು ಶತ್ರುವೆಂದು ಗುರುತಿಸುತ್ತವೆ ಎಂದು ಕಂಡುಬಂದಿತ್ತು. ಇನ್ನೊಂದು ವಿಚಿತ್ರ: ಪಾರ್ಕಿನ್ಸನ್ ರೋಗಕ್ಕೆ ನಂಟಿರುವ ಎಲ್.ಆರ್.ಆರ್.ಕೆ.2 ಎಂಬ ಅನುವಂಶಿಕ ಅಂಶಕ್ಕೆ ಕುಷ್ಠರೋಗದೊಡನೆಯೂ ನಂಟಿರಬಹುದೆಂದು 2009ರಲ್ಲಿ ಚೀನಾದ ರೋಗಿಗಳ ಅಧ್ಯಯನ ಸೂಚಿಸಿತು. ರೋಗಾಣುವಿನೊಡನೆ ಹೋರಾಡುವ ಶಕ್ತಿಗೂ ನರಗಳ ನಾಶಕ್ಕೂ ಒಳಗೊಳಗೇ ಸಂಬಂಧವಿದೆ ಎಂಬುದಕ್ಕೆ ಇಂತಹ ಸುಳಿವುಗಳು ಒಂದಾದ ಮೇಲೊಂದು ಸಿಗುತ್ತಿವೆ.

ಹಾಗಾದರೆ ಉರಿಯೂತ ತಗ್ಗಿಸುವ ಮಾತ್ರೆ ನುಂಗಿದರೆ ಆಯಿತಲ್ಲ ಎಂದು ಯಾರೂ ಆತುರಪಡಬಾರದು. ಉರಿಯೂತವನ್ನು ಕುಗ್ಗಿಸುವ ಗುಣವಿದೆಯೆಂದು ನಂಬಿ ಸಕ್ಕರೆ ಕಾಯಿಲೆಯ ಪಯೋಗ್ಲಿಟಾಜೋನ್ ಎಂಬ ಔಷಧಿಯನ್ನು 210 ರೋಗಿಗಳಲ್ಲಿ ಪರೀಕ್ಷಿಸಿದರು. 2015ರಲ್ಲಿ ಬಂದ ಫಲಿತಾಂಶ ಸೊನ್ನೆ. ಎಕ್ಸೆನಟೈಡ್ ಎಂಬ ಇನ್ನೊಂದು ಔಷಧಿ ಸಣ್ಣ ಪರೀಕ್ಷೆಗಳಲ್ಲಿ ಆಸೆ ಹುಟ್ಟಿಸಿ, 2025ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಸೋತಿತು. ನೋವಿನ ಮಾತ್ರೆಗಳನ್ನು ದಿನವೂ ನುಂಗಿದರೆ ಮಿದುಳಿಗೆ ಲಾಭವಾಗುವುದು ಖಚಿತವಿಲ್ಲ, ಹೊಟ್ಟೆಯಲ್ಲಿ ಹುಣ್ಣು ಮತ್ತು ಮೂತ್ರಪಿಂಡಕ್ಕೆ ಹಾನಿಯಾಗುವ ಅಪಾಯ ಮಾತ್ರ ಖಚಿತ. ‘ಉರಿಯೂತ ನಿವಾರಕ’ವೆಂದು ಸಂತೆಯಲ್ಲಿ ಮಾರುವ ಪುಡಿ, ಕಷಾಯಗಳಿಗೆ ಹಣ ಸುರಿಯಬೇಡಿರಿ.

ಈಗಿರುವ ಮುಖ್ಯ ಔಷಧಿ ಲೆವೊಡೋಪ. ಅದು ಉರಿಯೂತವನ್ನು ನಿಲ್ಲಿಸುವುದಿಲ್ಲ. ಕಡಿಮೆಯಾದ ಡೋಪಮೈನನ್ನು ತುಂಬಿಕೊಟ್ಟು ರೋಗಿ ಮತ್ತೆ ಎದ್ದು ಓಡಾಡುವಂತೆ ಮಾಡುತ್ತದೆ, ಅಷ್ಟೇ. ಆದರೆ ಆ ಅಷ್ಟು ದೊಡ್ಡದೇ. ನಮ್ಮ ಬೇಲಿಸಾಲಿನ ನಸುಗುನ್ನಿ ಬೀಜದಲ್ಲಿ ಇದೇ ಲೆವೊಡೋಪ ಇರುವುದನ್ನು 1937ರಲ್ಲಿಯೇ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ನಮ್ಮ ದೇಶದ ವಿಜ್ಞಾನಿಗಳು ತೋರಿಸಿದ್ದರು. ಹಾಗೆಂದು ಬೀಜವನ್ನು ಪುಡಿಮಾಡಿ ಮುಕ್ಕುವುದು ಸರಿಯಲ್ಲ. ಒಂದು ಬೀಜಕ್ಕೂ ಇನ್ನೊಂದಕ್ಕೂ ಅಂಶ ಬೇರೆಯಾಗುತ್ತದೆ. ವೈದ್ಯರು ಬರೆದ ಮಾತ್ರೆಯ ಜೊತೆ ಸೇರಿದರೆ ಪ್ರಮಾಣ ಮೀರುತ್ತದೆ.

ನಮ್ಮ ಹಳ್ಳಿಗಳಲ್ಲಿ ಈ ರೋಗದ ಬಹುಪಾಲು “ವಯಸ್ಸಾಯಿತು” ಎಂಬ ಒಂದೇ ಮಾತಿನಲ್ಲಿ ಮುಚ್ಚಿಹೋಗುತ್ತದೆ. ಮನೆಯ ಹಿರಿಯರನ್ನು ಸ್ವಲ್ಪ ಗಮನಿಸಿ ನೋಡಿರಿ. ನಡೆಯುವಾಗ ಒಂದು ಕೈ ಬೀಸದೆ ಮೈಗಂಟಿಕೊಂಡಿದೆಯೇ? ಸೊಸೈಟಿಯಲ್ಲಿ ಹಾಕುವ ಸಹಿ ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಿದೆಯೇ? ಹಲಸಿನ ಹಣ್ಣು ಮನೆಯಲ್ಲಿದ್ದರೂ ವಾಸನೆ ತಿಳಿಯುವುದಿಲ್ಲವೇ? ನಿದ್ದೆಯಲ್ಲಿ ಕೂಗಿ ಕೈಕಾಲು ಬಡಿಯುತ್ತಾರೆಯೇ? ಮುಖದಲ್ಲಿ ನಗು, ಸಿಟ್ಟು ಯಾವುದೂ ಮೂಡದೆ ಮುಖವಾಡದಂತಾಗಿದೆಯೇ? ಇವುಗಳಲ್ಲಿ ಒಂದೊಂದಕ್ಕೂ ಬೇರೆ ಕಾರಣವಿರಬಹುದು. ಎರಡು ಮೂರು ಕೂಡಿ ಬಂದರೆ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದು ನರರೋಗ ತಜ್ಞರಿಗೆ ತೋರಿಸುವುದು ಅಗತ್ಯ. ಮೈಯಲ್ಲಿ ಶಕ್ತಿಯಿದ್ದಷ್ಟೂ ದಿನವೂ ನಡೆದಾಡಿಸಬೇಕು. ಮೂಲೆಯಲ್ಲಿ ಕೂರಿಸಿ ಸೇವೆ ಮಾಡುವುದು ಪ್ರೀತಿಯಾದರೂ ಬಿಗಿತವನ್ನು ಹೆಚ್ಚಿಸುತ್ತದೆ.

ಈಗ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಪ್ಯಾರಾಕ್ವಾಟ್ ಬೇಸಾಯಕ್ಕೆ ಅನಿವಾರ್ಯವಲ್ಲ. ಅದು ಎಲೆಗೆ ತಗುಲಿದಲ್ಲಿ ಮಾತ್ರ ಸುಡುತ್ತದೆ, ಬೇರಿಗಿಳಿಯುವುದಿಲ್ಲ. ಗರಿಕೆ, ಜೇಕುಗಳು ಕೆಲವು ವಾರಗಳಲ್ಲಿ ಮತ್ತೆ ಚಿಗುರುತ್ತವೆ, ನೀವು ಮತ್ತೆ ಪಂಪು ಹೊರುತ್ತೀರಿ. ಮೈಕ್ರೋಗ್ಲಿಯಾದ ದೃಷ್ಟಿಯಿಂದ ಈ ಮತ್ತೆ ಮತ್ತೆ ಎಂಬುದೇ ಕೆಟ್ಟದ್ದು. ಒಂದು ಗುಟುಕು ಹೊಟ್ಟೆಗೆ ಹೋದರೂ ಸಾವು ತರಬಲ್ಲ, ಪ್ರತಿವಿಷವಿಲ್ಲದ ವಸ್ತುವದು. ಐರೋಪ್ಯ ಒಕ್ಕೂಟದಲ್ಲಿ 2007ರಲ್ಲಿ ಅದರ ಬಳಕೆ ನಿಂತಿತು, ನೆರೆಯ ಕೇರಳ 2011ರಲ್ಲಿ ನಿಷೇಧಿಸಿತು, ಥಾಯ್ಲೆಂಡ್ ಮತ್ತು ಬ್ರೆಜಿಲ್ 2020ರಲ್ಲಿ ಕೈಬಿಟ್ಟವು. ದಕ್ಷಿಣ ಕೊರಿಯಾದಲ್ಲಿ 2012ರಲ್ಲಿ ಮಾರಾಟ ನಿಂತ ಮೇಲೆ ವಿಷ ಕುಡಿದು ಸಾಯುವವರ ಸಂಖ್ಯೆ ಇಳಿಯಿತು, ಬೆಳೆಯ ಇಳುವರಿ ಇಳಿಯಲಿಲ್ಲ. ಕೂಲಿ ಸಿಗುವುದಿಲ್ಲ, ಕಳೆ ಕೀಳಿಸಲು ಹಣವಿಲ್ಲ ಎಂಬ ನಿಮ್ಮ ಮಾತು ಸುಳ್ಳಲ್ಲ. ಅದನ್ನು ಕಡೆಗಣಿಸಿ ಉಪದೇಶ ಮಾಡುವುದು ಸುಲಭ. ಆದರೂ ತೋಟಗಳಲ್ಲಿ ಸೋಗೆ, ತರಗೆಲೆಗಳ ಹೊದಿಕೆ, ಮುಚ್ಚು ಬೆಳೆ ಮತ್ತು ಹುಲ್ಲು ಕತ್ತರಿಸುವ ಯಂತ್ರ, ಸಾಲು ಬೆಳೆಗಳಲ್ಲಿ ಎಡೆಕುಂಟೆ, ಗದ್ದೆಯಲ್ಲಿ ಕೋನೋವೀಡರ್ ಇವುಗಳ ಖರ್ಚನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕುಳಿತು ಒಮ್ಮೆ ಲೆಕ್ಕ ಹಾಕಿ ನೋಡಿರಿ. ಅಂಗಡಿಯಲ್ಲಿ ಇದು ಹಲವು ಹೆಸರುಗಳಲ್ಲಿ ಸಿಕ್ಕಿರುವುದರಿಂದ ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳಲ್ಲಿ ‘ಪ್ಯಾರಾಕ್ವಾಟ್ ಡೈಕ್ಲೋರೈಡ್’ ಎಂದಿದೆಯೇ ಎಂದು ಓದಬೇಕು.

ಕೈಗವಸಿನ ಮಾತು ಕೇಳಿ ಕೇಳಿ ನಿಮಗೆ ಬೇಸರ ಬಂದಿರಬಹುದು. ನಮ್ಮ ಬಿಸಿಲಿನಲ್ಲಿ ರಬ್ಬರಿನ ಗವಸು ತೊಟ್ಟರೆ ಕೈ ಬೇಯುತ್ತದೆ, ನಿಜ. ಆದರೆ ಮೇಲೆ ಹೇಳಿದ ಅಮೆರಿಕದ ರೋಗಿಗಳನ್ನೇ ಮತ್ತೆ ವಿಂಗಡಿಸಿ 2015ರಲ್ಲಿ ಪ್ರಕಟಿಸಿದ ವರದಿಯನ್ನು ಕೇಳಿರಿ: ಸಿಂಪರಣೆಯ ವೇಳೆ ಸಾಮಾನ್ಯವಾಗಿ ಕೈಗವಸು ತೊಡುತ್ತಿದ್ದವರಲ್ಲಿ ಪ್ಯಾರಾಕ್ವಾಟ್‌ಗೂ ರೋಗಕ್ಕೂ ನಂಟು ಕಾಣಲಿಲ್ಲ, ತೊಡದವರಲ್ಲಿ ಕಂಡಿತು. ಒಂದು ಜೊತೆ ಗವಸಿಗೆ ಇಷ್ಟು ಬೆಲೆಯಿದೆಯೆಂದು ತೋರಿಸುವ ಸಾಕ್ಷ್ಯ ವೈದ್ಯಶಾಸ್ತ್ರದಲ್ಲಿ ಆಗಾಗ ಸಿಗುವಂತಹುದಲ್ಲ.

ಇನ್ನೊಂದು ಮಾತು ಓದುಬರಹ ಬಲ್ಲ ಭೂಮಾಲೀಕರಿಗೆ. ನಮ್ಮ ಎಷ್ಟೋ ಊರುಗಳಲ್ಲಿ ಪಂಪನ್ನು ಬೆನ್ನಿಗೆ ಹೊರುವವನು ಹೊಲದ ಒಡೆಯನಲ್ಲ, ದಿನಗೂಲಿಯವನು. ಇಂದು ನಿಮ್ಮ ತೋಟ, ನಾಳೆ ಪಕ್ಕದವರದು, ಹೀಗೆ ಇಡೀ ಹಂಗಾಮು ಸಿಂಪರಣೆ ಅವನದೇ. ಸೋರುವ ಪಂಪಿನಿಂದ ಅವನ ಬೆನ್ನು ನೆನೆದಿರುತ್ತದೆ. ಈ ಪತ್ರಿಕೆ ಅವನ ಕೈಗೆ ಹೋಗುವುದಿಲ್ಲ. ಗವಸು, ಬೂಟು, ದುರಸ್ತಿಯಾದ ಪಂಪು, ಕೆಲಸ ಮುಗಿದೊಡನೆ ಸ್ನಾನಕ್ಕೆ ಸೋಪು ನೀರು, ಇಷ್ಟನ್ನು ಕೂಲಿಯ ಭಾಗವೆಂದೇ ಎಣಿಸಬೇಕು. ಫ್ರಾನ್ಸ್ ದೇಶವು 2012ರಲ್ಲಿಯೇ ಕೀಟನಾಶಕ ಬಳಸುವ ಬೇಸಾಯಗಾರರಿಗೆ ಬರುವ ಪಾರ್ಕಿನ್ಸನ್ ರೋಗವನ್ನು ವೃತ್ತಿಜನ್ಯ ರೋಗವೆಂದು ಒಪ್ಪಿಕೊಂಡು ಪರಿಹಾರಕ್ಕೆ ದಾರಿ ಮಾಡಿತು. ಜರ್ಮನಿಯ ತಜ್ಞರ ಸಮಿತಿ 2024ರಲ್ಲಿ ಅದನ್ನೇ ಶಿಫಾರಸು ಮಾಡಿತು. ಭಾರತದ ರೈತ ಸಂಘಟನೆಗಳು ಬೆಂಬಲ ಬೆಲೆಯ ಜೊತೆಗೆ ಈ ಬೇಡಿಕೆಯನ್ನೂ ಮುಂದಿಡಬೇಕೆಂಬುದು ನನ್ನ ಅಭಿಪ್ರಾಯ.

ಆ ಬೇಡಿಕೆಗೆ ಆಧಾರ ಬೇಕಾಗುತ್ತದೆ. ಇಪ್ಪತ್ತು ವರ್ಷಗಳ ಹಿಂದೆ ಏನು ಸಿಂಪಡಿಸಿದಿರಿ ಎಂದು ವೈದ್ಯರು ಕೇಳಿದರೆ “ಹಳದಿ ಡಬ್ಬಿಯದು” ಎಂದು ಉತ್ತರಿಸುವವರೇ ಹೆಚ್ಚು. ಆದುದರಿಂದ ಲೆಕ್ಕದ ಪುಸ್ತಕದಲ್ಲಿಯೇ ಕೊನೆಯ ಹತ್ತು ಪುಟಗಳನ್ನು ಸಿಂಪರಣೆಗಾಗಿ ಮೀಸಲಿಡಿರಿ. ತಾರೀಖು, ಔಷಧಿಯ ರಾಸಾಯನಿಕ ಹೆಸರು, ಎಷ್ಟು ಹೊತ್ತು ಸಿಂಪಡಿಸಿದ್ದು, ಯಾರು ಸಿಂಪಡಿಸಿದ್ದು, ಗವಸು ಇತ್ತೇ ಇಲ್ಲವೇ, ಇಷ್ಟು ಬರೆದರೆ ಸಾಕು. ಕೂಲಿಯವನ ಹೆಸರಿನಲ್ಲಿ ಇನ್ನೊಂದು ಪ್ರತಿ ಬರೆದು ಅವನ ಮನೆಗೆ ಕೊಡಿರಿ. ಅಂಗಡಿಯ ರಸೀತಿಯನ್ನು ಅದೇ ಪುಟಕ್ಕೆ ಅಂಟಿಸಿಟ್ಟರೆ ಹೆಸರು ತಪ್ಪುವುದಿಲ್ಲ.